ಆರನೇ ಕ್ಲಾಸಿನ ವರಪರೀಕ್ಷೆ

(ಹೈದರಾಬಾದಿನ ನಾಚಾರಂ, ಎಚ್‌ಎಂಟಿ ನಗರದ ಚಹಾದಂಗಡಿ. ಕಲಬುರಗಿ ಕಡೆಯ ಕಾಕಾ ಮತ್ತು ಶರಣು.)

ಕಾಕಾ: ಮಗಳಿಗೆ ಆರನೇತ್ತಕ್ಕ ಸಾಲಿ ಸಿಕ್ತೇನೋ?

ಶರಣು: ಹೋಲಿಸಿ ನೋಡಲಿಕ್ಕತ್ತೀನಿ ಕಾಕಾ. ಒಂದರ ಹೆಸರಿನಾಗ ‘ಟೆಕ್ನೋ’ ಅದ, ಇನ್ನೊಂದರಾಗ ‘ಒಲಿಂಪಿಯಾಡ್’ ಅದ.

ಕಾಕಾ: ಆಟದ ಬಯಲು?

ಶರಣು: ಲಿಫ್ಟ್ ಅದ.

ಕಾಕಾ: ಸರ್ಕಾರಿ ಸಾಲಿ ನೋಡಿದೇನು?

ಶರಣು: ನೋಡಿದೆ. ಮಾಸ್ತರರು ಡಿಎಸ್‌ಸಿ ಅನ್ನೋ ಶಿಕ್ಷಕರ ನೇಮಕಾತಿ ಪರೀಕ್ಷೆ ಪಾಸಾಗಿ ಬಂದವರು. ಪುಸ್ತಕ, ಯೂನಿಫಾರ್ಮು, ಮಧ್ಯಾಹ್ನದ ಊಟ ಪುಕ್ಕಟೆ. 2022–23ರಿಂದ ಇಂಗ್ಲಿಷ್ ಮೀಡಿಯಮ್ಮೂ ಬಂದದ.

ಕಾಕಾ: ಮತ್ತೇನು ಕೊರತೆ?

ಶರಣು: ಪುಕ್ಕಟೆ ಅನ್ನೋದೇ ಕೊರತೆ! ಬೀಗರು ಫೀಸೆಷ್ಟು ಅಂದ್ರ ಯಾವ ಮುಖ ಇಟ್ಕೊಂಡು ಹೇಳಲಿ?

ಕಾಕಾ: 2009ರ ಶಿಕ್ಷಣ ಹಕ್ಕು ಕಾಯ್ದೆಯೊಳಗ 6ರಿಂದ 8ನೇ ತರಗತಿಗೆ 35 ಮಕ್ಕಳಿಗೊಬ್ಬ ಶಿಕ್ಷಕ, ವರ್ಷಕ್ಕ 220 ದಿನ ಪಾಠ, ಗ್ರಂಥಾಲಯ, ಮೈದಾನ ಅಂತದ. ಖಾಸಗಿಯವರನ್ನ ಕೇಳಿದೇನು?

ಶರಣು: ಕೇಳಿದೆ. ಅವರು ನನ್ನ ಸಂಬಳ ಕೇಳಿದ್ರು.

ಕಾಕಾ: ಕನ್ನಡ?

ಶರಣು: 2018ರ ಕಾಯ್ದೆಯಿಂದ ಇಲ್ಲಿ ತೆಲುಗು ಕಡ್ಡಾಯ. ಕನ್ನಡ ನೀವು ಬೈಯೋವಾಗ ಕಲಿತಾಳ.

ಕಾಕಾ: ಹಂಗಾರ ಈಗಲೇ ಪಾಠ ಶುರು ಮಾಡ್ತೀನಿ, ನಿನ್ನಿಂದ! ಬ್ಯಾನರ್ ನೋಡಿ ಸಾಲಿ ಅಳೀಬ್ಯಾಡ. ಗಣಿತಕ್ಕ ಮಾಸ್ತರ ಅದಾನೋ, ಹೆಣ್ಣುಮಕ್ಕಳ ಶೌಚಾಲಯದಾಗ ನೀರು ಬರ್ತದೋ, ಗ್ರಂಥಾಲಯದ ಬೀಗ ತೆಗೀತಾರೋ ನೋಡು. ಮೂರಕ್ಕೂ ಹೌದು ಅನ್ನೋ ಸಾಲಿಗೆ ಹಾಕು. ಫೀಸು ಬೀಗರಿಗೆ ನಾನೇ ಹೇಳ್ತೀನಿ.