ಟಿಕೇಟು ಮೀಮಾಂಸೆ

ರಾತ್ರಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟೊಂದು ಖಾಲಿಯಿದೆಯೆಂಬ ಜ್ಞಾನವು ಮನುಷ್ಯನಿಗೆ ಯಾವ ಪ್ರಮಾಣದಿಂದ ಲಭಿಸುತ್ತದೆಂಬ ಪ್ರಶ್ನೆಯನ್ನು ನಮ್ಮ ಪ್ರಾಚೀನ ದಾರ್ಶನಿಕರು ಎತ್ತದೆ ಹೋದುದು ಶಾಸ್ತ್ರಕ್ಕೊದಗಿದ ದೊಡ್ಡ ಲೋಪವೆಂದೇ ಹೇಳಬೇಕಾಗಿದೆ. ಬೆಂಗಳೂರಿನ ಕಲಾಸಿಪಾಳ್ಯದ ಟ್ರಾವೆಲ್ಸ್ ಏಜೆಂಟರು ಈ ವಿಷಯದಲ್ಲಿ ಶುದ್ಧ ಶಬ್ದಪ್ರಮಾಣವಾದಿಗಳಾಗಿದ್ದರು: ಬಸ್ಸಿನ ಮಾಲೀಕನ ಕಚೇರಿಗೆ ಫೋನು ಮಾಡಿ, ಅಲ್ಲಿಂದ ‘ಇದೆ’ ಎಂಬ ಆಪ್ತವಾಕ್ಯವು ಹೊರಟೊಡನೆಯೇ, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲನ್ನು ತೆಗೆದು ಚಾರ್ಟಿನ 14ನೆಯ ಚೌಕಕ್ಕೆ ಗೀಟು ಹಾಕುತ್ತಿದ್ದರು. ಅದೇ ಚೌಕಕ್ಕೆ ಆನಂದರಾವ್ ವೃತ್ತದ ಏಜೆಂಟನೂ ಅದೇ ಗಳಿಗೆಯಲ್ಲಿ ಗೀಟು ಹಾಕಿರುತ್ತಿದ್ದುದರಿಂದ, ಸೀಟಿನಲ್ಲಿ ಅದ್ವೈತವೂ ಪ್ರಯಾಣಿಕರಲ್ಲಿ ದ್ವೈತವೂ ಏಕಕಾಲಕ್ಕೆ ಸಿದ್ಧಿಸಿ, ಬಸ್ಸಿನ ಬಾಗಿಲಲ್ಲಿ ನಡೆಯುತ್ತಿದ್ದ ವಾಕ್ಯಾರ್ಥಗೋಷ್ಠಿಯನ್ನು ಇತ್ಯರ್ಥಪಡಿಸುವ ಅಧಿಕಾರವು ಕ್ಲೀನರನೊಬ್ಬನಿಗೇ ಇದ್ದಿತು. ಅವನ ತೀರ್ಪು ಸೂತ್ರಪ್ರಾಯವಾದುದು: ‘ಒಬ್ರು ಕ್ಯಾಬಿನ್‌ಗೆ ಬನ್ನಿ.’

2005ರ ದೀಪಾವಳಿಗೆ ಊರಿಗೆ ಹೋಗಲು ಬಸ್ಸಿನಲ್ಲಿ ಸೀಟು ದೊರೆಯದೆ ಬೆಂಗಳೂರಿನಲ್ಲೇ ಉಳಿದ ಫಣೀಂದ್ರ ಸಾಮ ಎಂಬ ತರುಣ ಎಂಜಿನಿಯರು ಮರುವರ್ಷ ಗೆಳೆಯರೊಡಗೂಡಿ ರೆಡ್‌ಬಸ್ಸನ್ನು ಸ್ಥಾಪಿಸಲಾಗಿ, ಚಾರ್ಟು ಮೇಜಿನಿಂದೆದ್ದು ಪರದೆಯನ್ನು ಹೊಕ್ಕು, ಶಬ್ದವು ಪ್ರತ್ಯಕ್ಷಕ್ಕೆ ಸೋತಿತು. ವಿಮಾನಗಳವರ ಕಾಗದದ ಟಿಕೇಟಾದರೋ 2008ರ ಜೂನ್ 1ರಿಂದ ಗತಿಸಿಯೇ ಹೋಯಿತು. ನಮ್ಮ ಕೆ.ಎಸ್.ಆರ್.ಟಿ.ಸಿ.ಯು ತನ್ನ ಮುಂಗಡ ಬುಕಿಂಗ್ ವ್ಯವಸ್ಥೆಗೆ ‘ಅವತಾರ್’ ಎಂದೇ ನಾಮಕರಣ ಮಾಡಿದುದರಿಂದ (ಇದು ನನ್ನ ಕಲ್ಪನೆಯೆಂದು ಓದುಗರು ಸಂಶಯಿಸಬಾರದು) ದಶಾವತಾರಗಳ ಗಣನೆಯನ್ನು ಪರಿಷ್ಕರಿಸಬೇಕೋ ಬೇಡವೋ ಎಂಬುದನ್ನು ಪೌರಾಣಿಕರಿಗೇ ಬಿಡುತ್ತೇನೆ.

ಇನ್ನು ಏಜೆಂಟನೆಂಬ ಜೀವಜಾತಿಯೇ ನಿರ್ನಾಮವಾಗುವುದೆಂಬುದು ಪೂರ್ವಪಕ್ಷ. ಕಳೆದ ಗೌರಿಹಬ್ಬಕ್ಕೆ ಶಿವಮೊಗ್ಗದ ಸೀಟೊಂದನ್ನು ಸ್ವಯಂ ಸಾಧಿಸಲು ಹೊರಟು, ದುಡ್ಡು ಕಡಿತವಾಗಿಯೂ ಟಿಕೇಟು ಬಾರದಿರಲು, ಜೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಬುಕಿಂಗ್ ಎಂಬ ಫಲಕದಡಿ ಕುಳಿತ ನಮ್ಮ ಬೀದಿಯ ಏಜೆಂಟನಿಗೆ ಶರಣಾದೆನು. ‘ಮೊದ್ಲೇ ಬರೋದಲ್ವಾ ಸಾರ್’ ಎಂದವನು, ನಾನು ಸೋತ ಅದೇ ಆಪನ್ನು ತನ್ನ ಮೊಬೈಲಿನಲ್ಲಿ ತೆರೆದು, ಅರೆನಿಮಿಷದಲ್ಲಿ ಕಾರ್ಯ ಮುಗಿಸಿ, ದಕ್ಷಿಣೆಯಾಗಿ 50 ರೂಪಾಯಿ ಪಡೆದು, ಹಳೆಯ ಚಾರ್ಟೊಂದರ ಬೆನ್ನ ಮೇಲೆ ಬಸ್ಸಿನ ನಂಬರನ್ನು ಬರೆದುಕೊಟ್ಟನು. ಪೆನ್ಸಿಲಿನಲ್ಲಿ!

ಆ ರಾತ್ರಿ ಬಸ್ಸೆಂಬುದೊಂದು ನೀಲಿಯ ಚುಕ್ಕೆಯಾಗಿ ಗೊರಗುಂಟೆಪಾಳ್ಯದತ್ತ ತೆವಳಿ ಬರುವುದನ್ನು ಮೊಬೈಲಿನಲ್ಲಿ ಪ್ರತ್ಯಕ್ಷವಾಗಿಯೇ ನೋಡುತ್ತಿರಲು, ಅದರೊಳಗಿಂದ ಕ್ಲೀನರನ ಫೋನು ಬಂದಿತು: ‘ಎಲ್ಲಿದ್ದೀರಾ ಸಾರ್?’ ‘ಸ್ಟಾಪಿನಲ್ಲೇ ಇದ್ದೀನಪ್ಪಾ’ ಎಂದೆನು. ಅವನು ನಂಬಿದನು. ನಾನಿನ್ನೂ ಮನೆಯಲ್ಲಿ ಬೀಗದ ಕೈ ಹುಡುಕುತ್ತಿದ್ದೆನು.