ಗಣಕಮೌನ ಮೀಮಾಂಸೆ: ಹಲಗೇರಿ ಪಾಠ

ಪೀಠಿಕೆ

ಮನೆಯ ಕಂಪ್ಯೂಟರಿನಿಂದ ಧ್ವನಿ ಹೊರಡದ ಅವಸ್ಥೆಗೆ ಗಣಕಮೌನವೆಂದು ಹೆಸರು. ಋಷಿಗಳ ಮೌನ ತಪಸ್ಸಿನಿಂದ ಬರುತ್ತದೆ. ಗಣಕದ ಮೌನ ಬೀಗರು ಬಂದು ಕೂತು, ಮಗಳ ಮದುವೆಯ ವಿಡಿಯೊ ಹಚ್ಚಿದ ಕೂಡಲೇ ಬರುತ್ತದೆ. ತೆರೆಯ ಮೇಲೆ ವಾಲಗದವರು ಗಲ್ಲ ಉಬ್ಬಿಸುತ್ತಾರೆ, ಬೀಗರು ಚಹಾ ಕುಡಿಯುತ್ತಾರೆ, ನಾದ ಮಾತ್ರ ಇಲ್ಲ. ಈ ಕುರಿತು ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿಯ ಕಟ್ಟೆಗಳಲ್ಲಿ ಚದುರಿರುವ ಜ್ಞಾನವನ್ನು ಸೂತ್ರ, ವೃತ್ತಿ, ಅಲ್ಲಲ್ಲಿ ಪ್ರಯೋಗ ಎಂಬ ಕ್ರಮದಲ್ಲಿ ಜೋಡಿಸುವುದೇ ಈ ಶಾಸ್ತ್ರದ ಪ್ರಯೋಜನ.

ಕಾಲನಿರ್ಣಯ

ಶಾಸ್ತ್ರದ ಆರಂಭಕಾಲ 1997 ಎಂದು ಹಿಡಿಯತಕ್ಕದ್ದು. ಆ ವರ್ಷ ಹಾವೇರಿ ಧಾರವಾಡದಿಂದ ಬೇರೆಯಾಗಿ ಸ್ವತಂತ್ರ ಜಿಲ್ಲೆಯಾಯಿತು. ಇಂಟೆಲ್ ಕಂಪನಿಯ ಎಸಿ 97 ಎಂಬ ಧ್ವನಿನಿಯಮದ ಹೆಸರಿನಲ್ಲೇ ಆ ವರ್ಷವಿದೆ. ಅದೇ ವರ್ಷ ಹಾಡು ನುಡಿಸುವ ವಿನ್ಆಂಪ್ ತಂತ್ರಾಂಶ ಹುಟ್ಟಿತು. ಈ ಮೂರೂ ಒಂದೇ ವರ್ಷಕ್ಕೆ ಕೂಡಿದ್ದು ಬರೀ ಕಾಕತಾಳೀಯವೆಂದು ಕೆಲವು ಪಂಡಿತರು ವಾದಿಸುತ್ತಾರೆ. ಅವರ ವಾದವನ್ನು ಇಲ್ಲಿ ಖಂಡಿಸಿಲ್ಲ, ಏಕೆಂದರೆ ಅದು ನಿಜ.

ಆದರೂ ಎಸಿ 97 ನಿರ್ಲಕ್ಷಿಸುವಂಥದ್ದಲ್ಲ. ಅದಕ್ಕೂ ಮೊದಲು ಕಂಪ್ಯೂಟರ್ ಹಾಡಬೇಕಾದರೆ ಸಾಮಾನ್ಯವಾಗಿ ಬೇರೆಯದೇ ಕಾರ್ಡು ಕೊಂಡು ಸಿಕ್ಕಿಸಬೇಕಿತ್ತು. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿ ತಂದ ಸೌಂಡ್ ಬ್ಲಾಸ್ಟರ್ ಅದರಲ್ಲಿ ಹೆಸರಾದದ್ದು. ಕೆಟ್ಟರೆ ಕಾರ್ಡು ಕಿತ್ತು ಕೈಯಲ್ಲಿ ಹಿಡಿದು ಬೈಯಬಹುದಿತ್ತು. ಆಮೇಲೆ ಧ್ವನಿ ಅಗ್ಗದ ಚಿಪ್ಪಾಗಿ ಮದರ್‌ಬೋರ್ಡಿನೊಳಗೇ ಕೂತಿತು. ಧ್ವನಿ ಎಲ್ಲರ ಮನೆಗೆ ಬಂತು. ರೋಗ ಯಾರ ಕಣ್ಣಿಗೂ ಕಾಣದಾಯಿತು.

ಸೂತ್ರ 1: ಶಬ್ದಕ್ಕೆ ಬಣ್ಣವುಂಟು.

ವೃತ್ತಿ: ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಶಬ್ದದ್ರವ್ಯ ನಾಭಿಮೂಲದಲ್ಲಿ ಹುಟ್ಟುತ್ತದೆ, ಅದರ ಬಣ್ಣ ಬಿಳಿ ಎಂದ. ಏಳು ಶತಮಾನ ಈ ಸಿದ್ಧಾಂತಕ್ಕೆ ಭಂಗ ಬರಲಿಲ್ಲ. ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಕೂಡಿ ಬರೆದ ಪಿಸಿ 99 ಎಂಬ ಕೈಪಿಡಿಯೇ ಮೊದಲ ಪ್ರತಿವಾದಿ. ಅದರ ಮತದಲ್ಲಿ ಹೊರಹೋಗುವ ಶಬ್ದ ನಿಂಬೆಹಸಿರು, ಮೈಕಿನಿಂದ ಒಳಬರುವ ಶಬ್ದ ಗುಲಾಬಿ, ಬೇರೆ ಯಂತ್ರದಿಂದ ಬರುವುದು ತಿಳಿನೀಲಿ. ಹುಟ್ಟುವ ಸ್ಥಾನದ ಬಗ್ಗೆಯೂ ಭಿನ್ನಮತವಿದೆ: ಕೇಶಿರಾಜನಿಗೆ ಹೊಕ್ಕುಳು, ಪಿಸಿ 99ರವರಿಗೆ ಬೆನ್ನು. ಆ ಬೆನ್ನನ್ನು ಗೋಡೆಗೆ ಒತ್ತಿಟ್ಟದ್ದು ನಮ್ಮ ಸ್ವಂತ ಕೊಡುಗೆ.

ಪ್ರಯೋಗ: ಬಣ್ಣ ನೋಡಿ ಬೆಲೆ ಕಟ್ಟುವುದು ಈ ಸೀಮೆಗೆ ಹೊಸದಲ್ಲ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಮಾನವೆಲ್ಲ ಬಣ್ಣದ್ದೇ. ಅದರ ಕೆಂಪು ಲಿಪ್‌ಸ್ಟಿಕ್‌ವರೆಗೂ ಹೋಗುತ್ತದೆ. ಪೇಟೆಯಲ್ಲಿ ಚೀಲ ಬಿಚ್ಚಿದೊಡನೆ ಇದು ಡಬ್ಬಿ, ಇದು ಕಡ್ಡಿ ಎಂದು ಹೇಳಿ ಕೆಂಪಿನಲ್ಲೇ ಹತ್ತು ತರ ಎಣಿಸುವ ವ್ಯಾಪಾರಿ, ಮನೆಗೆ ಬಂದು ಸಿಪಿಯು ಹಿಂದೆ ಕತ್ತಲಲ್ಲಿ ಕೈಯಾಡಿಸಿ, ಸ್ಪೀಕರಿನ ಪಿನ್ನನ್ನು ಗುಲಾಬಿ ತೂತಿಗೆ ಹಾಕುತ್ತಾನೆ. ಇದು ಜ್ಞಾನದ ಕೊರತೆಯಲ್ಲ, ಟಾರ್ಚಿನ ಕೊರತೆ.

ಸೂತ್ರ 2: ದೋಷವನ್ನು ಕಿವಿಯಿಂದ ಹಿಂದಕ್ಕೆ ಹುಡುಕತಕ್ಕದ್ದು.

ವೃತ್ತಿ: ಶಬ್ದದ ದಾರಿ ಹೀಗಿದೆ. ಸಿಡಿಯ ಹಾಡೆಂದರೆ ಅಲೆಯ ಎತ್ತರವನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿಟ್ಟ ಅಂಕಿಗಳ ಪಟ್ಟಿ. ಎಂಪಿ3 ಅದನ್ನು ಕುಗ್ಗಿಸಿದ್ದು, ಕೋಡೆಕ್ ಹಿಗ್ಗಿಸುತ್ತದೆ. ವಿಂಡೋಸ್ ಎಲ್ಲ ಧ್ವನಿಗಳನ್ನು ಬೆರೆಸುತ್ತದೆ. ಡ್ರೈವರ್ ಅದನ್ನು ಚಿಪ್ಪಿಗೆ ಒಪ್ಪಿಸುತ್ತದೆ. ಚಿಪ್ಪು ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿ ಮಾಡುತ್ತದೆ. ಸ್ಪೀಕರಿನೊಳಗಿನ ಆಂಪ್ಲಿಫೈಯರ್ ಆ ಅಲೆಗೆ ಬಲ ಕೊಡುತ್ತದೆ, ಕಾಗದದ ಶಂಕು ಗಾಳಿಯನ್ನು ನೂಕುತ್ತದೆ, ಕಿವಿ ಕೇಳುತ್ತದೆ.

ಪೂರ್ವಪಕ್ಷದವರು ಈ ದಾರಿಯ ನಟ್ಟನಡುವೆ ಧುಮುಕುತ್ತಾರೆ. ಇಲ್ಲಿ ಪಾಠಾಂತರಗಳುಂಟು. ರಾಣೆಬೆನ್ನೂರಿನ ಪಾಠ: ‘ಡ್ರೈವರ್ ಹೋಗೇತ್ರಿ.’ ಹಾವೇರಿಯ ಪಾಠ: ‘ವೈರಸ್ ಹೊಕ್ಕೇತಿ.’ ಬ್ಯಾಡಗಿಯ ಪಾಠ: ‘ಮದರ್‌ಬೋರ್ಡ್ ಸುಟ್ಟೇತಿ, ಹೊಸಾದ್ ತೊಗೊಳ್ರಿ.’ ಮೂರರ ಭಾವಾರ್ಥವೂ ಒಂದೇ: ಹೇಳಿದವರು ಇನ್ನೂ ಏನನ್ನೂ ನೋಡಿಲ್ಲ.

ಸಿದ್ಧಾಂತ: ಸ್ಪೀಕರಿನ ದೀಪ ಹತ್ತಿದೆಯೇ, ತಿರುಗಣೆ ತಿರುಗಿದೆಯೇ ಎಂದು ಮೊದಲು ನೋಡಬೇಕು. ಅನಂತರ ಅದೇ ಸ್ಪೀಕರಿಗೆ ಮೊಬೈಲ್ ಚುಚ್ಚಬೇಕು. ಹಾಡಿದರೆ ಸ್ಪೀಕರ್ ನಿರ್ದೋಷಿ. ಆಮೇಲೆ ಕಂಪ್ಯೂಟರಿಗೆ ಹೆಡ್‌ಫೋನ್ ಚುಚ್ಚಬೇಕು. ಅಲ್ಲಿ ಕೇಳಿಸಿದರೆ ಚಿಪ್ಪು ಮತ್ತು ಅದರ ಹಿಂದಿನವರೆಲ್ಲ ನಿರ್ದೋಷಿಗಳು. ಎರಡು ಪರೀಕ್ಷೆಗೆ ಅರ್ಧಕ್ಕಿಂತ ಹೆಚ್ಚು ಆರೋಪಿಗಳು ಬಿಡುಗಡೆಯಾಗುತ್ತಾರೆ, ಒಂದು ರೂಪಾಯಿಯೂ ಖರ್ಚಾಗುವುದಿಲ್ಲ. ಈ ಪದ್ಧತಿ ಜನಪ್ರಿಯವಾಗದಿರುವುದಕ್ಕೆ ಅದೇ ಕಾರಣ.

ಸೂತ್ರ 3: ಇಲ್ಲದ ಶಬ್ದ ಬೇರೆ ಕಡೆ ಇದ್ದೀತು.

ವೃತ್ತಿ: ಎಚ್‌ಡಿಎಂಐ ತಂತಿ ಚಿತ್ರದ ಜೊತೆ ಶಬ್ದವನ್ನೂ ಒಯ್ಯುತ್ತದೆ. ಹೊಸ ಮಾನಿಟರ್ ಜೋಡಿಸಿದಾಗ ವಿಂಡೋಸ್ ಅದನ್ನೇ ಧ್ವನಿಯ ಮನೆಯೆಂದು ಬಗೆದು, ಸ್ಪೀಕರೇ ಇಲ್ಲದ ಆ ಮಾನಿಟರಿಗೆ ಸಂಗೀತವನ್ನೆಲ್ಲ ಧಾರೆಯೆರೆಯುವುದುಂಟು. ಬ್ಲೂಟೂತಿನ ಪ್ರಕರಣ ಇನ್ನೂ ಸೂಕ್ಷ್ಮ: ಹಾಲ್‌ನಲ್ಲಿ ಮೌನ, ಒಳಕೋಣೆಯ ಕಪಾಟಿನಲ್ಲಿ ಮಡಚಿಟ್ಟ ಹೆಡ್‌ಸೆಟ್ಟಿನೊಳಗೆ ಪೂರ್ಣ ಕಛೇರಿ. ಗಡಿಯಾರದ ಪಕ್ಕದ ಸ್ಪೀಕರ್ ಚಿಹ್ನೆ ಒತ್ತಿ, ಧ್ವನಿ ಎಲ್ಲಿಗೆ ಹೋಗಬೇಕೆಂದು ಆರಿಸುವುದೇ ಪರಿಹಾರ. ವಿಂಡೋಸ್ ವಿಸ್ಟಾದ ಕಾಲದಿಂದ ಒಂದೊಂದು ತಂತ್ರಾಂಶಕ್ಕೂ ಬೇರೆ ಬೇರೆ ಧ್ವನಿಮಟ್ಟ ಬಂದಿರುವುದರಿಂದ, ಬ್ರೌಸರಿನ ಬಾಯಿ ಮಾತ್ರ ಮುಚ್ಚಿ ಉಳಿದವು ಹಾಡುತ್ತಿರಬಹುದು. ಅದಕ್ಕೆ ಮಿಕ್ಸರ್ ತೆರೆದು ನೋಡಬೇಕು.

ಸೂತ್ರ 4: ಒಂದು ಸಾಲಿನ ನುಡಿಗೆ ವ್ಯಾಖ್ಯಾನ ಬೇಕು.

ವೃತ್ತಿ: ಇದೇ ತಾಲ್ಲೂಕಿನ ದೇವರಗುಡ್ಡದಲ್ಲಿ ನವರಾತ್ರಿಗೆ ಮಾಲತೇಶ ದೇವರ ಕಾರಣಿಕ, ಅಂದರೆ ಭವಿಷ್ಯವಾಣಿ, ನಡೆಯುತ್ತದೆ. ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಸಾವಿರಾರು ಜನರ ಸಂತೆ ಮ್ಯೂಟ್ ಆಗುತ್ತದೆ. ಅಷ್ಟು ಕರಾರುವಾಕ್ಕಾದ ಮ್ಯೂಟ್ ಬಟನ್ ಯಾವ ಕಂಪನಿಯೂ ಮಾಡಿಲ್ಲ. ಆಮೇಲೆ ಒಂದೇ ಒಂದು ಸಾಲು. ಮಳೆಯೋ, ಬೆಳೆಯೋ, ರಾಜಕೀಯವೋ ಎಂದು ಜನ ಅದನ್ನು ಬಿಡಿಸುತ್ತ ಹೋಗುತ್ತಾರೆ.

ವಿಂಡೋಸಿನ ಡಿವೈಸ್ ಮ್ಯಾನೇಜರ್ ನುಡಿಯುವುದೂ ಒಂದೇ ಸಾಲು. ಕೋಡ್ 10: ಸಾಧನ ಆರಂಭವಾಗದು. ಕೋಡ್ 28: ಡ್ರೈವರ್ ಇಲ್ಲ. ಕೋಡ್ 22: ಇದನ್ನು ನಿಷ್ಕ್ರಿಯಗೊಳಿಸಲಾಗಿದೆ. ಕಡೆಯದು ಕರ್ತೃವಿನ ಹೆಸರಿಲ್ಲದ ವಾಕ್ಯವಾದ್ದರಿಂದ ಗೃಹಕಲಹಕ್ಕೆ ಮೂಲ. ‘ನಾ ಏನೂ ಮುಟ್ಟಿಲ್ರಿ’ ಎಂದು ಮೊದಲು ಹೇಳಿದವರೇ ಕರ್ತೃವೆಂದು ಅಧ್ಯಾಹಾರ ಮಾಡಿಕೊಳ್ಳತಕ್ಕದ್ದು.

ಸೂತ್ರ 5: ಪಂಚಭೂತಗಳಲ್ಲಿ ಪೃಥ್ವಿಯೂ ಕಾರಣ.

ವೃತ್ತಿ: ಹತ್ತಿಯ ಸೀಮೆಯಲ್ಲಿ ಜಾಕಿನ ತೂತಿಗೆ ಎಳೆ, ಧೂಳು ಸೇರುತ್ತವೆ. ಹೆಡ್‌ಫೋನ್ ಬಂದಿದೆಯೇ ಎಂದು ತಿಳಿಯಲು ಜಾಕಿನೊಳಗೆ ಸಣ್ಣ ಸ್ವಿಚ್ ಇರುತ್ತದೆ. ಅದು ಕಸಕ್ಕೆ ಸಿಕ್ಕಿಕೊಂಡರೆ, ಕಿತ್ತ ಮೇಲೂ ಹೆಡ್‌ಫೋನ್ ಇದ್ದೇ ಇದೆ ಎಂದು ಲ್ಯಾಪ್‌ಟಾಪ್ ನಂಬಿ ಕೂರುತ್ತದೆ. ಪಿನ್ನನ್ನು ನಾಲ್ಕಾರು ಸಲ ಹಾಕಿ ತೆಗೆದರೆ ಭ್ರಮೆ ಬಿಡುವುದುಂಟು.

ಇನ್ನು ‘ಗುಂಯ್’ ಎಂಬ ನಾದ. ಇದು ಓಂಕಾರವಲ್ಲ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ತೂಗುತ್ತದೆ. ಅರ್ಥಿಂಗ್ ಸರಿಯಿಲ್ಲದಾಗ, ಅಥವಾ ಕಂಪ್ಯೂಟರ್ ಒಂದು ಗೋಡೆಯ ಪ್ಲಗ್ಗಿಗೂ ಆಂಪ್ಲಿಫೈಯರ್ ಇನ್ನೊಂದಕ್ಕೂ ಜೋತುಬಿದ್ದಾಗ, ಆ ತೂಗಾಟವೇ ಹಾಡಿನೊಳಗೆ ನುಸುಳುತ್ತದೆ. ಎರಡನ್ನೂ ಒಂದೇ ಬೋರ್ಡಿಗೆ ಹಾಕಬೇಕು. ಬೇಸಿಗೆಯಲ್ಲಿ ಒಣಗಿದ ಅರ್ಥಿಂಗ್ ಗುಂಡಿಗೆ ನೀರುಣಿಸಬೇಕು. ಅದರೊಳಗಿನ ಉಪ್ಪು, ಇದ್ದಿಲು ಒದ್ದೆಯಿದ್ದರೇ ಭೂಮಿ ಕರೆಂಟನ್ನು ಚೆನ್ನಾಗಿ ಹೀರುತ್ತದೆ. ಕಂಪ್ಯೂಟರಿನ ಗೊರಕೆ ನಿಲ್ಲಿಸಲು ಯಜಮಾನರು ಕೊಡ ಹೊತ್ತು ಹಿತ್ತಲಿಗೆ ಹೋದರೆ ನೆರೆಯವರು ನಗಬಾರದು. ಮೂರನೆಯ ಪಿನ್ ಮುರಿದು ಗುಂಯ್‌ಕಾರ ನಿಲ್ಲಿಸುವವರೂ ಉಂಟು. ಅವರಿಗೆ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತವಿಲ್ಲ, ಏಕೆಂದರೆ ಪೆಟ್ಟಿಗೆಗೆ ಕರೆಂಟು ಇಳಿದರೆ ಪ್ರಾಯಶ್ಚಿತ್ತಕ್ಕೆ ಸಮಯವಿರುವುದಿಲ್ಲ.

ಸೂತ್ರ 6: ಕಡೆಗೆ ಮುಟ್ಟಿದವನಿಗೆ ಕೀರ್ತಿ.

ವೃತ್ತಿ: ಚಿಕಿತ್ಸೆಯಲ್ಲಿ ಮೂರು ಪಂಥಗಳಿವೆ. ಮೊದಲನೆಯದು ಪುನರಾರಂಭ ಪಂಥ. ‘ಬಂದ್ ಮಾಡಿ ಚಾಲೂ ಮಾಡ್ರಿ’ ಎಂಬುದೇ ಅದರ ಮಂತ್ರ. ಜಡಗಟ್ಟಿದ ಆಡಿಯೊ ಸರ್ವಿಸ್ ಆಗ ಹೊಸದಾಗಿ ಏಳುವುದರಿಂದ ಮಂತ್ರ ಫಲಿಸುತ್ತದೆ. ಎರಡನೆಯದು ತಾಡನ ಪಂಥ. ಸ್ಪೀಕರಿನ ತಲೆಗೆ ಅಂಗೈಯಿಂದ ಬಡಿಯುವುದು. ಸಡಿಲವಾದ ಬೆಸುಗೆ ಗಳಿಗೆ ಹೊತ್ತು ಕೂಡಿಕೊಳ್ಳುವುದರಿಂದ ಇದೂ ಫಲಿಸುತ್ತದೆ. ಸಂಜೆಯೊಳಗೆ ಮತ್ತೆ ಬಡಿಯಬೇಕು. ಮೂರನೆಯದು ಫಾರ್ಮ್ಯಾಟ್ ಪಂಥ, ಅಂದರೆ ಪ್ರಳಯವಾದ: ಎಲ್ಲವನ್ನೂ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು. ವಿಂಡೋಸಿನ ಎಕ್ಸ್‌ಪಿ ಬಂದದ್ದು 2001ರಲ್ಲಿ, ಎಚ್‌ಡಿ ಆಡಿಯೊ ಎಂಬ ಧ್ವನಿನಿಯಮ 2004ರಲ್ಲಿ. ತನಗಿಂತ ಕಿರಿಯದಾದ ಚಿಪ್ಪನ್ನು ಹಿರಿಯ ಎಕ್ಸ್‌ಪಿ ತಾನಾಗಿ ಗುರುತಿಸುತ್ತಿರಲಿಲ್ಲ. ಹೀಗಾಗಿ ಪ್ರಳಯದ ನಂತರ ಮದರ್‌ಬೋರ್ಡಿನ ಡ್ರೈವರ್ ಸಿಡಿ ಹುಡುಕುವ ಕಾಂಡ ಆರಂಭವಾಗುತ್ತಿತ್ತು. ಹಾಡು ತರಲು ಹೊರಟ ಮನೆ ಫೋಟೊಗಳನ್ನೂ ಕಳೆದುಕೊಂಡು ಕೂರುತ್ತಿತ್ತು.

ಮೂರು ಪಂಥದವರೂ ಏಕಕಾಲಕ್ಕೆ ಕೈಹಾಕಿದಾಗ ಧ್ವನಿ ಬಂದರೆ, ಯಾವುದರಿಂದ ಬಂತೆಂಬುದು ಶಾಶ್ವತವಾಗಿ ಅಜ್ಞಾತ. ಮುಂದಿನ ಸಲ ಮೂರನ್ನೂ ಮಾಡಬೇಕಾಗುತ್ತದೆ. ಹೀಗೆ ಆಚಾರ ಹುಟ್ಟುತ್ತದೆ. ಆದ್ದರಿಂದ ಒಮ್ಮೆಗೆ ಒಂದನ್ನೇ ಬದಲಿಸಿ, ಕೇಳಿ ನೋಡಿ, ಫಲಿಸದಿದ್ದರೆ ಮೊದಲಿದ್ದಂತೆ ಇಟ್ಟು, ಆಮೇಲೆ ಮುಂದಿನದಕ್ಕೆ ಹೋಗತಕ್ಕದ್ದು. ಇಡೀ ಶಾಸ್ತ್ರದಲ್ಲಿ ಹಾಸ್ಯಕ್ಕೆ ಒಗ್ಗದ ವಾಕ್ಯ ಇದೊಂದೇ. ಆದ್ದರಿಂದ ಇದೊಂದನ್ನೇ ಜನ ಮರೆಯುತ್ತಾರೆ.

ಫಲಶ್ರುತಿ

ಈ ಮೀಮಾಂಸೆಯನ್ನು ನಿತ್ಯ ಪಠಿಸುವವರಿಗೆ ಫಾರ್ಮ್ಯಾಟಿನ ಖರ್ಚು ಉಳಿಯುವುದು, ಫೋಟೊಗಳು ಉಳಿಯುವವು, ಬೀಗರ ಮುಂದೆ ಮಾನ ಉಳಿಯುವುದು. ಓದಿದವರಿಗೂ ಕೇಳಿದವರಿಗೂ ಸಮಾನ ಪುಣ್ಯವೆಂದು ಬೇರೆ ಶಾಸ್ತ್ರಗಳು ಹೇಳುತ್ತವೆ. ಈ ಶಾಸ್ತ್ರಕ್ಕೆ ಆ ಸೌಕರ್ಯವಿಲ್ಲ. ಇದನ್ನು ಓದಿ ಮುಗಿಸದೆ ಯಾರಿಗೂ ಏನೂ ಕೇಳಿಸುವುದಿಲ್ಲ.