ಇಪ್ಪತ್ತಮೂರು ತಂಗಿಯರು ಬೇಕಾಗಿದ್ದಾರೆ

ಆಷಾಢ ಕಳೆಯುತ್ತಿದ್ದಂತೆ ಲಕೋಟೆ ರಾಯರು ಉಗುರು ತೆಗೆದುಕೊಳ್ಳುತ್ತಾರೆ. ಉಗುರು ತಾಗಿದರೆ ಲಕೋಟೆಯ ಮೇಲೆ ಗೀರು ಬೀಳುತ್ತದಂತೆ. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಆದರೆ ಮೈಸೂರಿನ ನಮ್ಮ ಬಡಾವಣೆಯಲ್ಲಿ ಆ ಹೆಸರು ಹೇಳಿ ಮನೆ ಕೇಳಿದರೆ ಪೋಸ್ಟ್‌ಮ್ಯಾನ್ ಕೂಡ ತಲೆ ಕೆರೆದುಕೊಳ್ಳುತ್ತಾನೆ.

ಅಂಚೆಚೀಟಿ ಕೂಡಿಡುವವರು ಊರಿಗೆ ಹತ್ತಾರು ಮಂದಿ ಸಿಕ್ಕಾರು. ರಾಯರ ಜಾತಿಯೇ ಬೇರೆ. ರಕ್ಷಾಬಂಧನ ಬಂತೆಂದರೆ ಅಂಚೆ ಇಲಾಖೆ ಬಣ್ಣ ಬಣ್ಣದ ರಾಖಿ ಲಕೋಟೆ ಮಾರುತ್ತದಲ್ಲ, ಅವರಿಗೆ ಬೇಕಾದ್ದು ಅದು, ಅದೊಂದೇ. 2006ರಲ್ಲಿ ಬಂದ ಶ್ರೀಗಂಧದ ಪರಿಮಳದ ಸ್ಟಾಂಪನ್ನು ಗೆಳೆಯರೊಬ್ಬರು ತಂದು ತೋರಿಸಿದರೆ, ಮೂಸಿ ನೋಡಿ, "ಚೆನ್ನಾಗಿದೆ, ನೀವೇ ಇಟ್ಕೊಳ್ಳಿ" ಎಂದು ಹಿಂದಿರುಗಿಸಿದ ಮಹಾನುಭಾವರು.

ಈ ಲಕೋಟೆಯ ಸಂಗತಿ ಸ್ವಲ್ಪ ಹೇಳಬೇಕು. ರಾಖಿ ಮಳೆಗಾಲದ ಹಬ್ಬ. ಅಂಚೆ ಚೀಲ ನೆನೆದರೆ ಕುಂಕುಮ ಕರಗಿ ವಿಳಾಸದವರೆಗೂ ಹಬ್ಬುತ್ತದೆ. ಅದಕ್ಕೇ ಇಲಾಖೆಯವರು ನೀರು ಇಳಿಯದ, ಎಳೆದರೂ ಹರಿಯದ ಲಕೋಟೆ ತಂದರು. ಈಚಿನ ವರ್ಷಗಳಲ್ಲಿ ಬಹಳ ಕಡೆ ಅದರ ಬೆಲೆ 10 ರೂಪಾಯಿ. ಸ್ಟಾಂಪಿನ ದುಡ್ಡು ಬೇರೆ. ಈ ಕೊನೆಯ ಮಾತು ಎಷ್ಟೋ ಜನಕ್ಕೆ ಗೊತ್ತಿಲ್ಲ. ಹತ್ತು ರೂಪಾಯಿ ಕೊಟ್ಟಾಯಿತಲ್ಲ ಎಂದು ಹಾಗೇ ಡಬ್ಬಿಗೆ ಹಾಕಿಬಿಡುತ್ತಾರೆ. ಗೊತ್ತಿದ್ದವರೂ 5 ರೂಪಾಯಿ ಸ್ಟಾಂಪು ಅಂಟಿಸಿ ಕೈ ತೊಳೆದುಕೊಳ್ಳುತ್ತಾರೆ. ಆ ಐದು ರೂಪಾಯಿ 20 ಗ್ರಾಂವರೆಗೆ ಮಾತ್ರ. ರಾಖಿಯ ಜೊತೆ ಅಕ್ಷತೆ, ಕುಂಕುಮದ ಪೊಟ್ಟಣ, ಬಾಯಿ ಸಿಹಿಗೆಂದು ಎರಡು ಕಲ್ಲುಸಕ್ಕರೆ ಸೇರಿದರೆ ತಕ್ಕಡಿ ತಾನಾಗಿ ವಾಲುತ್ತದೆ. ಆಗ ಕಡಿಮೆ ಬಿದ್ದ ದುಡ್ಡಿನ ಎರಡರಷ್ಟನ್ನು ಕಾಗದ ಪಡೆಯುವವರಿಂದ ವಸೂಲಿ ಮಾಡುತ್ತಾರೆ. ಲೋಕದಲ್ಲಿ ಎಲ್ಲರೂ ಇಂಥ ನಾಟ್‌ಪೇಡ್ ಕಾಗದ ಕಂಡರೆ ಮುಖ ಸಿಂಡರಿಸುತ್ತಾರೆ. ರಾಯರು ಮಾತ್ರ ಪೋಸ್ಟ್‌ಮ್ಯಾನ್‌ಗೆ ಕಾಫಿ ಕೊಟ್ಟು, ದಂಡ ಕಟ್ಟಿ, "ಎರಡು ಇದ್ವಾ, ಒಂದೇನಾ?" ಎಂದು ಆಸೆಯಿಂದ ಕೇಳುತ್ತಾರೆ. ಅವರ ಲೆಕ್ಕದಲ್ಲಿ ದಂಡದ ಗುರುತು ಬಿದ್ದ ಲಕೋಟೆಗೆ ತೂಕ ಜಾಸ್ತಿ.

ನಿಜ ಹೇಳಬೇಕೆಂದರೆ ರಾಯರ ಮನೆಯಲ್ಲಿ ರಾಖಿ ಕಟ್ಟುವ ಪದ್ಧತಿಯೇ ಇರಲಿಲ್ಲ. ನಮ್ಮ ಕಡೆ ಆ ಹುಣ್ಣಿಮೆ ನೂಲ ಹುಣ್ಣಿಮೆ, ಜನಿವಾರ ಬದಲಿಸುವ ದಿನ. ಅಣ್ಣ ತಂಗಿಯರ ಬಾಬತ್ತೆಲ್ಲ ಭೀಮನ ಅಮಾವಾಸ್ಯೆಗೆ ಹೊಸಿಲ ಮೇಲೆ ಭಂಡಾರ ಒಡೆಯುವುದರಲ್ಲಿ, ನಾಗರ ಪಂಚಮಿಗೆ ಒಡಹುಟ್ಟಿದವನ ಬೆನ್ನು ತೊಳೆಯುವುದರಲ್ಲಿ ಮುಗಿಯುತ್ತಿತ್ತು. ಒಂದು ಸಲ ಧೈರ್ಯ ಮಾಡಿ ಕೇಳಿಯೇಬಿಟ್ಟೆ: "ಅಲ್ಲ ರಾಯರೇ, ನಮ್ಮದೇ ಪಂಚಮಿ ಇರುವಾಗ ಉತ್ತರದ ಹಬ್ಬ ಯಾಕೆ ಹಿಡ್ಕೊಂಡ್ರಿ?"

"ಬೆನ್ನಿಗೆ ಹಾಲು ಹಾಕೋದನ್ನ ಪೋಸ್ಟಲ್ಲಿ ಕಳಿಸೋಕಾಗತ್ತೇನ್ರೀ?" ಎಂದರು. ನಾನು ಸುಮ್ಮನಾದೆ.

ಅವರ ದೊಡ್ಡ ಕೊರಗು ಪಂಚಾಂಗದ್ದು. ಲಕೋಟೆಯ ಮೇಲೆ ಹಬ್ಬದ ದಿನದ್ದೇ ತಾರೀಖಿನ ಠಸ್ಸೆ ಇರಬೇಕೆಂಬುದು ಅವರ ವ್ರತ. ತಂಗಿ ಆ ದಿನ ಪೋಸ್ಟ್ ಮಾಡಿದರೆ ರಾಖಿ ತಲುಪುವಾಗ ಹಬ್ಬ ಹಳಸಿರುತ್ತದೆ. ಅದು ಅವರಿಗೆ ಅಡ್ಡಿಯಿಲ್ಲ. ಪಂಚಾಂಗವೇ ತಿರುಗಿಬಿದ್ದರೆ ಏನು ಮಾಡುವುದು? 2018ರಲ್ಲಿ ರಾಖಿ ಹುಣ್ಣಿಮೆ ಆಗಸ್ಟ್ 26, ಭಾನುವಾರ. ಅಂಚೆ ಕಚೇರಿಗೆ ಬೀಗ. 2019ರಲ್ಲಿ ಸಾಕ್ಷಾತ್ ಆಗಸ್ಟ್ 15. ದೇಶಕ್ಕೆ ದೇಶವೇ ಬಾವುಟ ಹಾರಿಸುತ್ತಿದ್ದಾಗ ರಾಯರು ಮುಚ್ಚಿದ ಅಂಚೆ ಕಚೇರಿಯ ಎದುರು ಲಕೋಟೆ ಹಿಡಿದು ನಿಂತಿದ್ದನ್ನು ನಾನೇ ಕಂಡಿದ್ದೇನೆ. ಸ್ವಾತಂತ್ರ್ಯದ ಬಗ್ಗೆ ಆ ದಿನ ಅವರ ಅಭಿಪ್ರಾಯ ಕೇಳಬೇಕಿತ್ತು. 2020ರಲ್ಲಿ ಸೋಮವಾರವೇನೋ ಸಿಕ್ಕಿತು, ಆದರೆ ಕೊರೊನಾ. ಹೆಂಡತಿ ಗೇಟು ದಾಟಲು ಬಿಡಲಿಲ್ಲ. 2021ರಲ್ಲಿ ಆಗಸ್ಟ್ 22, ಮತ್ತೆ ಭಾನುವಾರ. ಇನ್ನು 2023ರಲ್ಲಿ ಭದ್ರಾ ದೋಷವೆಂದು ಕೆಲವರು ಆಗಸ್ಟ್ 30 ಅಂದರು, ಕೆಲವರು 31 ಅಂದರು. ಜ್ಯೋತಿಷಿಗಳು ಟಿವಿಯಲ್ಲಿ ಜಗಳವಾಡುತ್ತಿದ್ದರೆ ರಾಯರು ಎರಡೂ ದಿನದ ಠಸ್ಸೆ ಹೊಡೆಸಿ ಹಾಯಾಗಿದ್ದರು. ಆ ವಿವಾದದಿಂದ ಲಾಭವಾದವರು ನನಗೆ ತಿಳಿದಂತೆ ಅವರೊಬ್ಬರೇ.

ಠಸ್ಸೆ ಹೊಡೆಸುವುದನ್ನು ಒಮ್ಮೆ ನೋಡಬೇಕು. ಕೌಂಟರಿನ ಹುಡುಗಿ ಮೊಹರು ಎತ್ತುತ್ತಲೇ ರಾಯರು ಕಿಂಡಿಯೊಳಗೆ ಅರ್ಧ ತೋಳು ತೂರಿಸಿ, "ಮೆಲ್ಲಗೆ ತಾಯಿ, ಮೂಲೆಗೆ, ಸ್ಟಾಂಪು ಕಾಲು ಭಾಗ ಮಾತ್ರ ತಾಗೋ ಹಾಗೆ" ಎನ್ನುತ್ತಾರೆ. ಒಳಗೆ ರಾಖಿಯ ಮಣಿ ಉಬ್ಬಿಕೊಂಡಿರುತ್ತದೆ. ಮೊಹರು ಅದರ ಮೇಲೆ ಕುಪ್ಪಳಿಸಿ, ದುಂಡಗೆ ಬೀಳಬೇಕಾದ ಠಸ್ಸೆ ಚಂದ್ರಗ್ರಹಣದ ಚಂದ್ರನಂತೆ ಅರ್ಧಕ್ಕೇ ನಿಲ್ಲುತ್ತದೆ. ಹಿಂದೆ ಪೆನ್ಷನ್ ಪುಸ್ತಕ ಹಿಡಿದು ನಿಂತವರು ಗೊಣಗುತ್ತಾರೆ. ಸಂಗ್ರಾಹಕರಿಗೆಂದೇ ಫಿಲಾಟೆಲಿ ಬ್ಯೂರೋ ಇದೆಯಲ್ಲ, ಅಲ್ಲಿ ಜೋಪಾನವಾಗಿ ಹೊಡೆದುಕೊಡುತ್ತಾರಲ್ಲ ಎಂದರೆ ರಾಯರಿಗೆ ಅದು ಸ್ಟುಡಿಯೋದಲ್ಲಿ ಪೌಡರ್ ಹಚ್ಚಿ ತೆಗೆಸಿದ ಫೋಟೋ. ಲಕೋಟೆ ಅಂದಮೇಲೆ ರೈಲು ಹತ್ತಿರಬೇಕು, ಚೀಲದಲ್ಲಿ ಬಿದ್ದು ಹೊರಳಿರಬೇಕು, ಆದರೂ ಮೂಲೆ ಮಡಚಿರಬಾರದು. ಗಂಡು ನೋಡುವವರೂ ಇಷ್ಟು ಕರಾರು ಹಾಕುವುದಿಲ್ಲ.

ಇಷ್ಟರಲ್ಲೇ ನಿಂತಿದ್ದರೆ ಮನೆಯವರು ಸಹಿಸಿಕೊಳ್ಳುತ್ತಿದ್ದರು. ಆದರೆ ರಾಖಿ ಲಕೋಟೆಯ ವಿನ್ಯಾಸ ದೇಶಕ್ಕೆಲ್ಲ ಒಂದೇ ಅಲ್ಲ. ಒಂದೊಂದು ಅಂಚೆ ವೃತ್ತದವರು ತಮ್ಮದೇ ಚಿತ್ರ ಹಾಕಿಸುವುದುಂಟು. ದೇಶದಲ್ಲಿ ವೃತ್ತಗಳು 23, ರಾಯರಿಗೆ ತಂಗಿ ಒಬ್ಬಳೇ, ಅವಳೂ ಪುಣೆಯಲ್ಲಿ. ಉಳಿದ ಇಪ್ಪತ್ತೆರಡಕ್ಕೆ ತಂಗಿಯರನ್ನು ಹುಡುಕಬೇಕಾಯಿತು. ಭಾವಮೈದನ ಆಫೀಸಿನವರ ಹೆಂಡತಿ ಪಟ್ನಾದಲ್ಲಿದ್ದಾರೆಂದು ತಿಳಿದ ಕೂಡಲೇ ಫೋನ್ ಹಚ್ಚಿ, ಜನ್ಮದಲ್ಲಿ ಆಡದ ಹಿಂದಿಯಲ್ಲಿ "ಬೆಹೆನ್‌ಜೀ" ಎಂದು ಶುರುಮಾಡಿದರು. ಆಕೆ ಸಾಲದ ಏಜೆಂಟಿರಬೇಕೆಂದು ಎರಡು ಸಲ ಫೋನ್ ಇಟ್ಟರು. ಮೂರನೆಯ ಸಲ ರಾಖಿ ಕಳಿಸಿದರು. ರಾಖಿ ಕಳಿಸಿದ ತಂಗಿಗೆ ಅಣ್ಣ ಸುಮ್ಮನಿರಬಹುದೇ? ಮೈಸೂರು ಪಾಕಿನ ಡಬ್ಬಿ ಪಾರ್ಸೆಲ್ ಹೋಯಿತು. ಹೀಗೆ ಲಖನೌ, ಜೈಪುರ, ಭೋಪಾಲ ಎಂದು ಒಂಬತ್ತು ತಂಗಿಯರಾದ ಮೇಲೆ ರಾಯರ ಹೆಂಡತಿ ಲೆಕ್ಕ ಹಾಕಿದರು. "ರೀ, ನಿಮ್ಮ ಹತ್ತು ರೂಪಾಯಿ ಕವರಿಗೆ ನಾವು ಅರ್ಧ ಕೇಜಿ ಮೈಸೂರು ಪಾಕು ಕೊಡ್ತಾ ಇದೀವಿ. ನನ್ನ ಸ್ವಂತ ಅಣ್ಣ ಈ ಮನೆಯಲ್ಲಿ ಇಷ್ಟು ಪಾಕು ಕಂಡಿಲ್ಲ." ಎಲ್ಲ ವೃತ್ತದವರೂ ಲಕೋಟೆ ಹೊರಡಿಸಿದ್ದಾರೋ ಇಲ್ಲವೋ ಎಂಬುದು ರಾಯರಿಗೆ ಇನ್ನೂ ಇತ್ಯರ್ಥವಾಗಿಲ್ಲ. ರಾತ್ರಿ ಎರಡಕ್ಕೆ ಎದ್ದು ಕೂರುವುದು ಇದೇ ಪ್ರಶ್ನೆಗೆ.

ಪುಣೆಯ ತಂಗಿಯ ಕತೆ ಬೇರೆ. ಅವಳ ಕೆಲಸ ಹಗುರವಾಗಲೆಂದು ರಾಯರು ತಮ್ಮ ವಿಳಾಸವನ್ನು ತಾವೇ ದುಂಡಕ್ಷರದಲ್ಲಿ ಬರೆದು, ಲಕೋಟೆಯ ಮೇಲೆ ಅಂಟಿಸಬೇಕಾದ ಚೀಟಿಯನ್ನೂ ಸ್ಟಾಂಪನ್ನೂ ಆಷಾಢದಲ್ಲೇ ಕಳಿಸಿಬಿಡುತ್ತಾರೆ. ಅವಳು ರಾಖಿ ತುಂಬಿ ಡಬ್ಬಿಗೆ ಹಾಕಬೇಕು, ಅಷ್ಟೆ. ಆಮೇಲೆ ಫೋನು.

"ರಾಖಿ ಬಂತಾ ಅಣ್ಣ?"

"ಬಂತು ಕಣೇ. ಬಹಳ ಚೆನ್ನಾಗಿದೆ. ಕಟ್ಕೊಂಡೆ."

ಕಟ್ಟಿಕೊಂಡಿರುವುದಿಲ್ಲ. ಕಟ್ಟಿಕೊಳ್ಳಬೇಕಾದರೆ ಲಕೋಟೆ ಒಡೆಯಬೇಕು. ಒಡೆದ ಲಕೋಟೆ ರಾಯರ ಕಣ್ಣಿಗೆ ಒಡೆದ ಮಡಕೆ. ಮೊದಲು ಕಾಗದದ ಲಕೋಟೆಯಿದ್ದಾಗ ಟ್ಯೂಬ್‌ಲೈಟಿಗೆ ಹಿಡಿದರೆ ರಾಖಿಯ ನೆರಳಾದರೂ ಕಾಣುತ್ತಿತ್ತು. ಕೆಂಪೋ ಹಳದಿಯೋ ಊಹಿಸಿ ಹೇಳಬಹುದಿತ್ತು. ನೀರು ಇಳಿಯದ ಲಕೋಟೆಯೊಳಗೆ ಬೆಳಕೂ ಇಳಿಯುವುದಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿಟ್ಟು, 14 ಗ್ರಾಂ ಬಂದರೆ ನೂಲೆಷ್ಟು, ಮಣಿ ಎಷ್ಟು ಎಂದು ಕಳೆದು ಕೂಡಿ, "ಎರಡು ಮಣಿ ಇದೆಯಲ್ಲ, ಅದು ಬಹಳ ಲಕ್ಷಣ" ಎಂದು ತಂಗಿಗೆ ಹೊಗಳಿಕೆ ಒಪ್ಪಿಸುತ್ತಿದ್ದರು.

ಹೋದ ವರ್ಷ ಮದುವೆಯೊಂದಕ್ಕೆ ಬಂದ ತಂಗಿ ಆಲ್ಬಂ ತೋರಿಸು ಅಂದಳು. ನಾನೂ ಅಲ್ಲೇ ಇದ್ದೆ. ರಾಯರು ಕೈ ತೊಳೆದು, ಒರೆಸಿ, ಪ್ಲಾಸ್ಟಿಕ್ ಕಿಸೆಗಳ ದಪ್ಪ ಫೈಲು ತಂದರು. ನುಸಿಗುಳಿಗೆಯ ವಾಸನೆ ಕೋಣೆಗೆಲ್ಲ ಹರಡಿತು. ತಂಗಿ ಒಂದೊಂದೇ ಹಾಳೆ ತಿರುವಿದಳು. ಅವಳದೇ ಲಕೋಟೆಗಳು, ಸಾಲಾಗಿ, ಒಂದೂ ಒಡೆದಿಲ್ಲ.

"ಅಣ್ಣ, ಹೋದ ಸಲದ ರಾಖಿ ಯಾವ ಬಣ್ಣ?"

"ಅದೇ ಕಣೇ... ಕೆಂಪಲ್ವಾ?"

"ಮೂರು ವರ್ಷದಿಂದ ಒಳಗೆ ಹಾಕ್ತಿರೋದು ಹಳೇ ಕ್ಯಾಲೆಂಡರ್ ಹಾಳೆ. ನೀನು ಏನು ಕಟ್ಕೊಂಡೆ ಅಂತ ನೋಡೋಣ ಅಂತಲೇ ಬಂದೆ."

ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಾನು ಸೂರು ನೋಡಿದೆ. ರಾಯರು ಮಾತಾಡಲಿಲ್ಲ. ಆ ಮೂರು ಲಕೋಟೆಗಳನ್ನು ಮೆಲ್ಲಗೆ ಹೊರಗೆಳೆದು, ಕಿಟಕಿಯ ಬಳಿ ಒಯ್ದು, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ತಿರುಗಿದಾಗ ಮುಖ ಅರಳಿತ್ತು.

"ಅದಕ್ಕೇ ನೋಡೇ! ಈ ಮೂರು ವರ್ಷ ಠಸ್ಸೆ ಎಷ್ಟು ದುಂಡಗೆ ಬಿದ್ದಿದೆ! ಒಳಗೆ ಉಬ್ಬೇ ಇಲ್ಲ!"

ತಂಗಿ ನಗುತ್ತ, ಬೈಯುತ್ತ, ಬ್ಯಾಗಿನಿಂದ ರಾಖಿ ತೆಗೆದು ತಾನೇ ಕಟ್ಟಿದಳು. ರಾಯರು ಬಿಳಿ ಕವರಿನಲ್ಲಿ ಐನೂರರ ನೋಟಿಟ್ಟು ಕೊಟ್ಟರು. ಅವಳು ಅದನ್ನು ಅವರ ಕಣ್ಣೆದುರೇ ಪರ್ರನೆ ಹರಿದಳು. ಸಾದಾ ಕವರಾದರೂ ರಾಯರು ಕಣ್ಣು ಮುಚ್ಚಿಕೊಂಡರು.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಹಳೆಯ ರಾಖಿ ಲಕೋಟೆಯಿದ್ದರೆ ಸ್ಟಾಂಪು ಕತ್ತರಿಸಿಕೊಂಡು ಉಳಿದದ್ದನ್ನು ಒಲೆಗೆ ಹಾಕಬೇಡಿ, ಹಾಗೇ ಇಟ್ಟಿರಿ. ಶಿಲ್ಲಾಂಗಿನ ಕಡೆ ನೆಂಟರಿದ್ದರಂತೂ ದಯವಿಟ್ಟು ರಾಯರಿಗೆ ಗೊತ್ತಾಗದಂತೆ ನೋಡಿಕೊಳ್ಳಿ. ಮೈಸೂರು ಪಾಕು ಕಟ್ಟಿ ಅವರ ಮನೆಯಾಕೆಗೆ ಸಾಕಾಗಿದೆ.